ಸರ್ಕಾರ ದಾಟಬಾರದ ಹೊಸ್ತಿಲು

ಹೋದ ಮಂಗಳವಾರ ಧಾರವಾಡದ ಸಂತೆಯಲ್ಲಿ, ಹೆಬ್ಬಳ್ಳಿ ಕಡೆಯಿಂದ ಬಂದ ಹೆಂಗಸೊಬ್ಬಳು ಕೊತ್ತಂಬರಿಯ ಪಕ್ಕದಲ್ಲಿ ಗವತಿ ಚಹಾದ ಸೂಡುಗಳನ್ನು ಹರವಿಕೊಂಡು ಕೂತಿದ್ದಳು. ಕೊತ್ತಂಬರಿ ಆರಿಸಲು ಬಗ್ಗಿದಾಗ ಆ ಉದ್ದ ಹುಲ್ಲಿನ ನಿಂಬೆಯಂಥ ವಾಸನೆ ಮೂಗಿಗೆ ಬಡಿಯಿತು. "ಚಹಾದಾಗ ಹಾಕ್ರಿ ಬಾಯಾರ, ತಲಿನೋವು ಹೋಗ್ತೈತಿ" ಎಂದಳು. "ಬ್ಯಾಡ" ಎಂದೆ. ನನ್ನ ದನಿ ಅಗತ್ಯಕ್ಕಿಂತ ಗಡುಸಾಗಿತ್ತೇನೋ. ಆಕೆ ನನ್ನನ್ನೊಮ್ಮೆ ನೋಡಿ, ಕೊತ್ತಂಬರಿ ಕಟ್ಟಿಕೊಟ್ಟಳು.

ನಾನು ಚಿಕ್ಕವಳಿದ್ದಾಗ ನಮ್ಮ ಪಕ್ಕದ ಮನೆಯಲ್ಲಿದ್ದ ಮಾಸ್ತರರ ಹಿತ್ತಲಿನಲ್ಲಿ, ಬಚ್ಚಲ ನೀರು ಹರಿದುಹೋಗುವ ಕಡೆ, ಆ ಹುಲ್ಲಿನ ದೊಡ್ಡ ಪೊದೆಯಿತ್ತು. ಭಾನುವಾರ ಸಂಜೆ ಪಾಠ ಮುಗಿದ ಮೇಲೆ ಅವರೇ ಕೊಯ್ದು, ಕುದಿಸಿ, ನಮಗೆಲ್ಲ ಚಹಾ ಕೊಡುತ್ತಿದ್ದರು. ನಮ್ಮ ಮನೆಗೂ ಅವರ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಅವರ ಹೆಂಡತಿ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಮನೆಯಲ್ಲಿ ಅವರು ಮತ್ತು ಅವರ ಮಗ. ನಮ್ಮ ಮನೆಯಲ್ಲಿ ಅವ್ವ, ಅಕ್ಕ, ನಾನು. ಎರಡೂ ಮನೆಯವರು ಹೋಗುತ್ತಿದ್ದುದು ಅದೇ ಓಣಿಯ ಸಣ್ಣ ಚರ್ಚಿಗೆ.

ವಾರವಿಡೀ ಅವರು ಹೈಸ್ಕೂಲಿನಲ್ಲಿ ಪೌರನೀತಿ ಕಲಿಸುತ್ತಿದ್ದರು. ಭಾನುವಾರ ತಮ್ಮ ಪಡಸಾಲೆಯಲ್ಲಿ ಚರ್ಚಿನ ಮಕ್ಕಳಿಗೆ ಶಾಸ್ತ್ರದ ಪಾಠ ಮಾಡುತ್ತಿದ್ದರು. "ಸೋಮವಾರದಿಂದ ಶನಿವಾರ ತನಕ ಸರ್ಕಾರ ಅಂದ್ರ ಏನು ಅಂತ ಹೇಳ್ತೇನಿ. ಐತವಾರ ಸರ್ಕಾರ ಅಂದ್ರ ಏನಲ್ಲ ಅಂತ ಹೇಳ್ತೇನಿ. ಎರಡನೇದಕ್ಕ ಪಗಾರ ಇಲ್ಲ, ಅದಕ್ಕ ಅದನ್ನ ಛಲೋ ಹೇಳ್ತೇನಿ" ಎಂದು ನಗುತ್ತಿದ್ದರು.

ಅರಸ ಬೇಕೆಂದು ಹಟ ಹಿಡಿದ ಜನರ ಬೈಬಲ್ಲಿನ ಹಳೆಯ ಕಥೆ ಅವರಿಗೆ ಬಹಳ ಪ್ರಿಯವಾಗಿತ್ತು. "ಆ ಮಂದಿಗೆ ಹೊಲ ಇತ್ತು, ದೇವರಿದ್ದ, ಜಗಳ ಬಂದ್ರ ಬಿಡಸಾಕ ಹಿರ್ಯಾರಿದ್ರು. ಆದ್ರೂ ಅರಸ ಬೇಕಂದ್ರು. ಯಾಕ? ಬಾಜೂ ಊರವರಿಗೆ ಅದಾನಲ್ಲ, ಅದಕ್ಕ! ಮುದುಕ ಪ್ರವಾದಿ ಹೇಳಿದ, ಅವ ನಿಮ್ಮ ಗಂಡುಮಕ್ಕಳನ್ನ ದಂಡಿಗೆ ಒಯ್ತಾನ, ಹೆಣ್ಣುಮಕ್ಕಳನ್ನ ರೊಟ್ಟಿ ಬಡ್ಯಾಕ ಒಯ್ತಾನ, ಛಲೋ ಹೊಲ ತನ್ನ ಮಂದಿಗೆ ಹಂಚ್ತಾನ ಅಂತ. ಇವರೇನಂದ್ರು? ಇರ್ಲಿ ಬಿಡ್ರಿ, ಮೆರವಣಿಗಿ ಛಲೋ ಆಕೈತಿ ಅಂದ್ರು!" ನಾವು ಹೊಟ್ಟೆ ಹಿಡಿದು ನಗುತ್ತಿದ್ದೆವು. ನಗು ನಿಂತ ಮೇಲೆ ಅವರು ದನಿ ತಗ್ಗಿಸಿ ಅಸಲು ಮಾತಿಗೆ ಬರುತ್ತಿದ್ದರು.

ಪಾಪವೆಲ್ಲ ಅಪರಾಧವಲ್ಲ ಎನ್ನುವುದು ಆ ಮಾತು. "ಸುಳ್ಳು ಹೇಳೂದು ಪಾಪ. ಹಂಗಂತ ಸುಳ್ಳು ಹೇಳಿದವರನ್ನೆಲ್ಲಾ ಜೈಲಿಗೆ ಹಾಕಿದ್ರ, ಹೊರಗ ನಿಂತು ಕೀಲಿ ಹಾಕಾಕ ಯಾರು ಉಳೀತಾರ?" ಕೋಲು ತೋರಿಸಿ ಮಾಡಿಸಿದ ಒಳ್ಳೆಯತನ ದೇವರಿಗೆ ಬೇಡ ಎನ್ನುತ್ತಿದ್ದರು. "ಬೇಕಾಗಿದ್ರ ಅವನ ಮಾಡಸ್ತಿದ್ದಿಲ್ಲೇನು? ಅವನ ಕಡೆ ಬಡಿಗಿಗೇನು ಕಡಿಮಿ?" ಸರ್ಕಾರಕ್ಕೆ ದೇವರು ವಹಿಸಿರುವುದು ಒಂದೇ ಕೆಲಸ. ಒಬ್ಬ ಇನ್ನೊಬ್ಬರ ಮೇಲೆ ಎತ್ತಿದ ಕೈಯನ್ನು ಹಿಡಿಯುವುದು. ಉಳಿದದ್ದೆಲ್ಲ ಮನಸ್ಸಾಕ್ಷಿಯದು, ಅಲ್ಲಿ ಪೊಲೀಸರಿಗೆ ಪ್ರವೇಶವಿಲ್ಲ. ನಾವು ಜಗಳವಾಡಿ ದೂರು ತಂದರೂ ಅವರು ಕೇಳುತ್ತಿದ್ದುದು ಎರಡೇ ಪ್ರಶ್ನೆ. "ಯಾರ ಮೈಗೆ ಪೆಟ್ಟು? ಯಾರ ವಸ್ತು ಹೋತು?" ಎರಡಕ್ಕೂ ಉತ್ತರವಿಲ್ಲದಿದ್ದರೆ, "ಹಂಗಾರ ದೇವರಿಗೆ ಬಿಡ್ರಿ, ಚಹಾ ಕುಡೀರಿ." ಉತ್ತರವಿದ್ದರೆ ಮಾತ್ರ ಅವರ ಮುಖ ಬದಲಾಗುತ್ತಿತ್ತು. ಹೊಡೆದವನನ್ನು ರಟ್ಟೆ ಹಿಡಿದು, ಪೆಟ್ಟು ತಿಂದವನ ಎದುರಿಗೆ ತಂದು ನಿಲ್ಲಿಸುತ್ತಿದ್ದರು.

ಚರ್ಚಿನ ಹಿರಿಯರು ಓಣಿಯ ಸೆರೆ ಅಂಗಡಿ ಮುಚ್ಚಿಸಲು ಅರ್ಜಿ ಹಿಡಿದು ಬಂದಾಗ ಅವರು ಸಹಿ ಹಾಕಲಿಲ್ಲ. ಬದಲಿಗೆ, ವಿಪರೀತ ಕುಡಿಯುತ್ತಿದ್ದ ಮೆಕ್ಯಾನಿಕ್ ಒಬ್ಬನ ಜೊತೆ ದಿನಾ ಸಂಜೆ ಹೋಗಿ ಕೂತರು. ಬೈಸಿಕೊಂಡರು, ಮತ್ತೆ ಹೋದರು. ಅವನು ಕುಡಿತ ಬಿಟ್ಟ. "ನಿಮ್ಮ ಮಗಾನ ಕುಡದು ಬಂದಿದ್ರ ಸಹಿ ಹಾಕ್ತಿದ್ರಿ ಬಿಡ್ರಿ" ಎಂದು ಹಿರಿಯರೊಬ್ಬರು ಹಂಗಿಸಿದ್ದರು. "ಆಗ ನೋಡೂಣ್ರಿ" ಎಂದಿದ್ದರು ಮಾಸ್ತರರು.

ನಾನು ಪಿಯುಸಿಯಲ್ಲಿದ್ದಾಗ ಒಂದು ಸಂಜೆ ಅಕ್ಕ, ನಾನು ಅವರೊಡನೆ ಕೆಲಗೇರಿ ಕೆರೆಯ ದಂಡೆಗೆ ಹೋಗಿದ್ದೆವು. ಅಲ್ಲಿ ಕಾಲೇಜಿನ ಹುಡುಗ, ಹುಡುಗಿ ಇಬ್ಬರನ್ನು ನಾಲ್ಕೈದು ಯುವಕರು ಸುತ್ತುವರಿದು ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಿದ್ದರು. ಒಬ್ಬ ಪೇದೆ ಹುಡುಗನಿಗೆ ಕಿವಿ ಹಿಡಿಸಿ ಬಸ್ಕಿ ಹೊಡೆಸುತ್ತಿದ್ದ. ಮಾಸ್ತರರು ನೇರ ನಡುವೆ ನುಗ್ಗಿದರು.

"ಏನ್ ಮಾಡ್ಯಾರೋ ಇವರು?"

ಪೇದೆ ಅವರ ಹಳೆಯ ವಿದ್ಯಾರ್ಥಿ. ಗುರುತು ಹಿಡಿದು ಲಾಠಿ ಹಿಂದೆ ಸರಿಸಿದ. "ಸರ್... ಜೋಡಿಲೆ ಕುಂತಿದ್ರಿ."

"ಕುಂತ್ರ ಯಾರ ಮೈಗೆ ಪೆಟ್ಟಾತು?"

"ಕಾನೂನು ಪಾಲಿಸ್ಬೇಕಂತ ನೀವ ಹೇಳಿದ್ರಲ್ರಿ ಸರ್."

"ಅದು ಸೋಮವಾರ ಹೇಳಿದ್ದು. ಇವತ್ತು ಐತವಾರ. ಮೊದ್ಲ ಆ ಫೋನ್ ಒಳಗ ಇಡಸು."

ಯುವಕರು ಗೊಣಗುತ್ತ ಚದುರಿದರು. ಅಳುತ್ತಿದ್ದ ಹುಡುಗಿಗೆ ಮಾಸ್ತರರು ಉಪದೇಶ ಮಾಡಲಿಲ್ಲ. ಬಸ್ಸು ಬರುವವರೆಗೆ ಜೊತೆಗೆ ನಿಂತರು, ಅಷ್ಟೇ. ಕಾನೂನು ಓದಬೇಕೆಂದು ನಾನು ನಿರ್ಧರಿಸಿದ್ದು ಅಂದು, ಆ ದಂಡೆಯ ಮೇಲೆ. ಅವರಂಥ ಮನುಷ್ಯ ಇನ್ನೊಬ್ಬರಿಲ್ಲ ಎಂದುಕೊಂಡಿದ್ದೆ...

ಮುಂದೆ ಅವರೇ ತಮ್ಮ ಮಗನಿಗೆ ಅಕ್ಕನನ್ನು ಕೇಳಿದರು. ಮಗ ಹುಬ್ಬಳ್ಳಿಯ ಖಾಸಗಿ ಕಂಪನಿಯೊಂದರಲ್ಲಿದ್ದ. ಮಾತು ಕಡಿಮೆ, ಚರ್ಚಿನಲ್ಲಿ ಕೀಬೋರ್ಡ್ ನುಡಿಸುತ್ತಿದ್ದ. ಅಂಥ ಮನೆಗೆ ಹೋಗುವ ಅಕ್ಕನ ಪುಣ್ಯದ ಬಗ್ಗೆ ಅವ್ವ ಕಂಡಕಂಡವರಿಗೆ ಹೇಳಿದಳು. "ಗೋಡಿ ಆ ಕಡಿಂದ ಈ ಕಡೆ ಬರೂದಷ್ಟ, ಅಳಾಕೇನಾತು?" ಎಂದು ಮದುವೆಯ ದಿನ ಮಾಸ್ತರರು ಅಕ್ಕನನ್ನು ನಗಿಸಿದ್ದರು.

ಒಂದು ವರ್ಷವೂ ತುಂಬಿರಲಿಲ್ಲ. ಗೋಡೆಯಾಚೆಯಿಂದ ಅವನ ದನಿ ಕೇಳತೊಡಗಿತು. ಆಮೇಲೆ ಪಾತ್ರೆ ಬೀಳುವ ಸದ್ದು. ಕೇಳಿದರೆ ಅಕ್ಕ ಮಾತು ತಿರುಗಿಸುತ್ತಿದ್ದಳು. ಒಂದು ದಿನ ಬೆಳಿಗ್ಗೆ ಎಡಗಿವಿಗೆ ಹತ್ತಿ ಇಟ್ಟುಕೊಂಡು ನಮ್ಮ ಅಡುಗೆಮನೆಗೆ ಬಂದು ಕೂತಳು. ಹಿಂದಿನ ಸಂಜೆ ಅವನು ಪಡಸಾಲೆಯಲ್ಲಿ, ಅಪ್ಪನ ಎದುರಿಗೇ, ಅವಳ ಕಿವಿಗೆ ಹೊಡೆದಿದ್ದ. ಆಟೋ ತರಿಸಿ ಆಸ್ಪತ್ರೆಗೆ ಕರೆದುಕೊಂಡು ಹೋದವರು ಮಾಸ್ತರರೇ. ವೈದ್ಯರು ಕೇಳಿದಾಗ, ಬಚ್ಚಲಿನಲ್ಲಿ ಜಾರಿ ಬಿದ್ದಳೆಂದು ಬರೆಸಿದವರೂ ಅವರೇ.

"ಗಾಬರಿಲೆ ಅಂದಿರಬೇಕು. ಪೊಲೀಸ್ರು ಕೇಳಿದ್ರ ಖರೇ ಹೇಳ್ತಾರ" ಎಂದೆ.

"ಹೇಳ್ತಾರಂತೀ?"

"ಮಾಸ್ತರ್ರ ಅವರು."

ಅಕ್ಕ ದೂರು ಕೊಟ್ಟಳು. ಆಸ್ಪತ್ರೆಯ ಕಾಗದ ಬಿದ್ದಳೆಂದು ಹೇಳುತ್ತಿತ್ತು, ಗಂಡನೂ ಹಾಗೇ ಹೇಳುತ್ತಿದ್ದ. ಕಣ್ಣಾರೆ ಕಂಡವರು ಅವರೊಬ್ಬರೇ. ಇಡೀ ದೂರು ಅವರ ಒಂದು ಮಾತಿನ ಮೇಲೆ ನಿಂತಿತ್ತು.

ವಿಚಾರಣೆಗೆ ಬಂದ ಮಹಿಳಾ ಅಧಿಕಾರಿ ಅದೇ ಪಡಸಾಲೆಯಲ್ಲಿ, ನಾವು ಪಾಠಕ್ಕೆ ಕೂರುತ್ತಿದ್ದ ಜಾಗದಲ್ಲಿ, ಕುರ್ಚಿ ಹಾಕಿಕೊಂಡು ಕೂತಳು. ನಾನು, ಅಕ್ಕ ಬಾಗಿಲ ಬಳಿ ನಿಂತಿದ್ದೆವು. "ಸರ್, ನೀವು ಹಿರ್ಯಾರು. ನೋಡಿದ್ದು ನೋಡಿದ್ಹಂಗ ಹೇಳಿಬಿಡ್ರಿ. ನಿಮ್ಮ ಮಗ ಕೈ ಎತ್ತಿದ್ನೋ ಇಲ್ಲೋ?"

ಮಾಸ್ತರರು ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿದರು. ಮತ್ತೆ ಹಾಕಿಕೊಂಡರು.

"ಬಚ್ಚಲದಾಗ ಕಾಲು ಜಾರಿ ಬಿದ್ಲ್ರಿ. ದವಾಖಾನಿಗೆ ನಾನ ಕರ್ಕೊಂಡು ಹೋಗಿದ್ದೆ."

"ಬಿದ್ರ ಕಿವಿ ಹಿಂದ ಬೆರಳಿನ ಗುರುತು ಮೂಡ್ತಾವೇನ್ರಿ ಸರ್?"

"ನಾ ನೋಡಿದ್ದು ಇಷ್ಟ್ರಿ. ಇದು ನಮ್ಮ ಮನಿ ಮಾತು. ನಾವ ನೋಡ್ಕೋತೇವಿ."

"ಮಾಮಾ..." ಎಂದಳು ಅಕ್ಕ. ಅಷ್ಟೇ. ಅವರು ಅವಳ ಕಡೆ ತಿರುಗಲಿಲ್ಲ.

ಮರುದಿನ ಹಿತ್ತಲಿನಲ್ಲಿ ಅವರು ಕಂಡರು. ನನಗೆ ಕೂಗಾಡಲು ಬರುವುದಿಲ್ಲ. ಗಿಡ್ಡ ಪಾಗಾರದ ಗೋಡೆಯ ಈಚೆ ನಿಂತು, "ಸರ್, ಯಾರ ಮೈಗೆ ಪೆಟ್ಟು?" ಎಂದು ಕೇಳಿದೆ.

ಅವರೆಂದರು, "ಕೇಳವ್ವಾ. ಸರ್ಕಾರ ಒಮ್ಮೆ ಹೊಸ್ತಿಲ ದಾಟಿ ಒಳಗ ಬಂದ್ರ ಹೊರಗ ಹೋಗೂದಿಲ್ಲ. ಗಂಡ ಹೆಂಡ್ತಿ ನಡುವ ದೇವರಿರಬೇಕು, ಪೊಲೀಸ್ರಲ್ಲ. ಅವ ದೇವರ ಮುಂದ ಅತ್ತಾನ. ಕ್ಷಮಾ ಕೇಳ್ಯಾನ."

"ಅಕ್ಕನ್ನ ಕೇಳ್ಯಾನೇನ್ರಿ?"

ಅವರು ಒಳಗೆ ಹೋದರು.

'ಅವ ನನ್ನ ಮಗ, ನನ್ನಿಂದ ಆಗೂದಿಲ್ಲ' ಎಂದಿದ್ದರೆ ನಾನು ಅತ್ತುಬಿಡುತ್ತಿದ್ದೆ, ಬಹುಶಃ ಒಂದು ದಿನ ಕ್ಷಮಿಸುತ್ತಲೂ ಇದ್ದೆ. ಮಗನಿಗಾಗಿ ಸುಳ್ಳು ಹೇಳಿದ ಅಪ್ಪಂದಿರು ಲೋಕದಲ್ಲಿ ಎಷ್ಟೋ ಜನ. ಆದರೆ ಅವರು ಆ ಸುಳ್ಳನ್ನು ನನಗೆ ಕಲಿಸಿದ ಮಾತಿನಿಂದಲೇ ಮುಚ್ಚಿದರು. ಸರ್ಕಾರವನ್ನು ಹೊರಗಿಡಬೇಕೆಂದು ಅವರು ಎಳೆದಿದ್ದ ಗೆರೆ ದುರ್ಬಲರ ಸಲುವಾಗಿ ಎಂದು ನಾನು ನಂಬಿದ್ದೆ. ಎತ್ತಿದ ಕೈಯನ್ನು ಹಿಡಿಯುವ ಒಂದೇ ಒಂದು ಕೆಲಸಕ್ಕೆ ಸರ್ಕಾರ ಅಂದು ಅವರ ಮನೆಗೆ ಬಂದಿತ್ತು. ಅದನ್ನೇ ಅವರು ಬಾಗಿಲಲ್ಲಿ ತಡೆದರು. ಕೆರೆ ದಂಡೆಯಲ್ಲಿ ಯಾರದೋ ಮಗಳಿಗಾಗಿ ನಿಂತವರು, ಸ್ವಂತ ಪಡಸಾಲೆಯಲ್ಲಿ ಕೂತೇ ಇದ್ದರು.

ಸಾಕ್ಷಿಯಿಲ್ಲದೆ ದೂರು ಬಿದ್ದುಹೋಯಿತು. ಚರ್ಚಿನ ಹಿರಿಯರು ರಾಜಿ ಮಾಡಿಸಲು ಬಂದರು, ಅಕ್ಕ ಆ ಮನೆಗೆ ಮರಳಲು ಒಪ್ಪಲಿಲ್ಲ. ಹುಬ್ಬಳ್ಳಿಗೆ ಹೋಗಿ, ಗಬ್ಬೂರಿನಲ್ಲಿ ಒಂದು ಖೋಲಿ ಹಿಡಿದು, ಹೊಲಿಗೆಯ ಕೆಲಸಕ್ಕೆ ಸೇರಿದಳು. ಮಗ ಬೇರೆ ಊರಿಗೆ ವರ್ಗ ಮಾಡಿಸಿಕೊಂಡ. ಚರ್ಚಿಗೆ ಹೋಗುವುದನ್ನು ಬಿಟ್ಟವಳು ನಾನು. ಅಕ್ಕ ಈಗಲೂ ಹೋಗುತ್ತಾಳೆ.

ಹೋದ ವರ್ಷ ಚಳಿಗಾಲದಲ್ಲಿ ಮಾಸ್ತರರು ತೀರಿಕೊಂಡರು. "ನಡಿ, ಮಣ್ಣು ಹಾಕಿ ಬರೂಣು" ಎಂದು ಅಕ್ಕನೇ ಕರೆದಳು. ನಾನು ಸ್ಮಶಾನದ ಗೇಟಿನವರೆಗೆ ಮಾತ್ರ ಹೋದೆ. ಹಿಂದಿರುಗಿದವಳು ಕೈ ಝಾಡಿಸುತ್ತ, "ಆಟೋದಾಗ ನನ್ನ ತಲಿ ಹಿಡ್ಕೊಂಡು ಸಣ್ಣ ಹುಡುಗನ್ಹಂಗ ಅಳಾಕತ್ತಿದ್ರು. ಅದೂ ಖರೇನ. ಇದೂ ಖರೇನ" ಎಂದಳು. ನನಗೆ ಅವಳಷ್ಟು ದೊಡ್ಡ ಮನಸ್ಸಿಲ್ಲ. ಎರಡನ್ನೂ ಒಟ್ಟಿಗೆ ಹಿಡಿಯಲು ನನಗೆ ಇನ್ನೂ ಆಗಿಲ್ಲ.

ಈಗ ನಾನು ಕಾನೂನು ಕಲಿಸುತ್ತೇನೆ. ಕಾನೂನಿನ ಮಿತಿಯ ಪಾಠ ಬಂದಾಗ, ಯಾರನ್ನೂ ದಂಡದಿಂದ ಒಳ್ಳೆಯವರನ್ನಾಗಿ ಮಾಡಲಾಗದು ಎಂದೇ ಹೇಳುತ್ತೇನೆ. ಅದನ್ನು ಈಗಲೂ ನಂಬುತ್ತೇನೆ. ಮನೆಯ ಹೊಸ್ತಿಲ ಒಳಗೆ ಬಿದ್ದ ಪೆಟ್ಟೂ ಪೆಟ್ಟೇ ಎಂದು ಸೇರಿಸುತ್ತೇನೆ. ಮೊದಲ ಮಾತು ಯಾರು ಕಲಿಸಿದ್ದೆಂದು ಹೇಳುವುದಿಲ್ಲ. 'ನಮ್ಮ ಮಾಸ್ತರರು ಹೇಳುತ್ತಿದ್ದರು' ಎಂದು ಶುರುಮಾಡುವ ಸುಖ ನನ್ನ ಪಾಲಿಗೆ ಇಲ್ಲವಾಯಿತು.

ಅಕ್ಕನ ಎಡಗಿವಿ ಮರಳಿ ಕೇಳಿಸಲೇ ಇಲ್ಲ. ಅವಳು ಮನೆಗೆ ಬಂದಾಗ ನಾನು ಬಲಕ್ಕೇ ಕೂಡುತ್ತೇನೆ. ಮೊನ್ನೆ ಬಂದಾಗ ಮರೆತು ಎಡಕ್ಕೆ ಕೂತು, "ಒಂದ ಮಾತು ಹೇಳಿದ್ರ ಏನಾಗ್ತಿತ್ತು ಅವರಿಗೆ?" ಎಂದುಬಿಟ್ಟೆ. ಅಕ್ಕ ಇಡೀ ಮುಖ ನನ್ನ ಕಡೆ ತಿರುಗಿಸಿ, "ಏನಂದಿ?" ಎಂದಳು.

"ಏನಿಲ್ಲ" ಎಂದೆ. ಎದ್ದು ಆ ಕಡೆ ಹೋಗಿ ಕೂತೆ.