ಐದು ತಂತಿಯದು ಬೇಕಿತ್ತು

ನನ್ನ ದನಿ ಹುಟ್ಟಿನಿಂದಲೇ ದಪ್ಪ. ಶಾಲೆಯಲ್ಲಿ ಪ್ರಾರ್ಥನೆಗೆ ನಿಂತರೆ ನನ್ನನ್ನು ಹುಡುಗರ ಸಾಲಿನ ಪಕ್ಕಕ್ಕೆ ದೂಡುತ್ತಿದ್ದರು. ಒಳಕೋಣೆಯಿಂದ ನನ್ನ ಮಾತು ಕೇಳಿ, ನಿಮಗೆ ಇಷ್ಟು ದೊಡ್ಡ ಮಗನಿದ್ದಾನೆಯೇ ಎಂದು ಅಪ್ಪನನ್ನು ಕೇಳಿದವರೂ ಇದ್ದರು. ನಾನು ಊನವೆಂದೇ ತಿಳಿದಿದ್ದ ಈ ದನಿಯನ್ನು ಮೊದಲ ಸಲ ಹೊಗಳಿದವರು ನನ್ನ ಸಂಗೀತದ ಮಾಸ್ತರರು. ಸಿದ್ದಾಪುರದಿಂದ ವಾರಕ್ಕೊಮ್ಮೆ ಬಸ್ಸು ಹಿಡಿದು ಶಿರಸಿಗೆ ಬರುತ್ತಿದ್ದ ಅವರು, ಉಳಿದ ಹುಡುಗಿಯರ ಹಾಗೆ ಮೇಲಿನ ಶ್ರುತಿಗೆ ಹತ್ತಬೇಡ, ನಿನ್ನ ದನಿ ಎಲ್ಲಿ ವಾಸವಾಗಿದೆಯೋ ಅಲ್ಲಿಯೇ ಕೂತು ಹಾಡು ಎಂದರು. ಹಾಗೆ ಹಾಡಿದ ದಿನ ನನಗೆ ಅಳು ಬಂದಿತ್ತು, ಸಂತೋಷಕ್ಕೆ.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನನಗೆ ಹದಿನೇಳು. ಮಿರಜಿನಿಂದ ತಂಬೂರಿ ಮಾಡುವ ಮುದುಕರೊಬ್ಬರು ಮಳೆಗಾಲ ಮುಗಿದ ಮೇಲೆ ನಮ್ಮ ಕಡೆ ಬರುವ ರೂಢಿಯಿತ್ತು. ಆ ವರ್ಷ ಅವರು ಎರಡು ತಂಬೂರಿ ತಂದು ಯಲ್ಲಾಪುರದಲ್ಲಿ, ಲಾರಿ ಇಟ್ಟಿದ್ದ ಸಾಹೇಬರೊಬ್ಬರ ಪಡಸಾಲೆಯಲ್ಲಿ ಇಳಿದಿದ್ದಾರೆಂದು ಸುದ್ದಿ ಬಂತು. ಮಾಸ್ತರರಿಗೆ ಜ್ವರ, ಬರಲಾರರು. ಎರಡನ್ನೂ ಮೀಟಿ ನೋಡು, ಯಾವುದರ ನಾದದಲ್ಲಿ ನಿನ್ನ ದನಿಗೆ ಜಾಗವಿದೆಯೋ ಅದನ್ನೇ ತರಬೇಕು ಎಂದು ಹೇಳಿ ಕಳಿಸಿದ್ದರು.

ಅಪ್ಪನಿಗೆ ಅಡಿಕೆ ವಖಾರಿಯಿತ್ತು. ಎಕ್ಕಂಬಿಯ ಕಡೆಯಿಂದ ಬಂದು ಶಿರಸಿಯಲ್ಲಿ ನೆಲೆ ನಿಂತ ಮನೆತನ ನಮ್ಮದು. ಮಾತು ಮಾತ್ರ ಮೂಡಣ ಬಯಲುಸೀಮೆಯದೇ. ನಾನು ಚಿಕ್ಕಂದಿನಿಂದ ಆ ವಖಾರಿಯಲ್ಲಿ ಆಡಿಕೊಂಡು ಬೆಳೆದವಳು. ಅಪ್ಪ ಕೊಳ್ಳುವ ರೀತಿ ನನಗೆ ಬಾಯಿಪಾಠವಾಗಿತ್ತು. ತನಗೆ ಬೇಡದ ಚೀಲದೊಳಗೆ ಮೊಣಕೈವರೆಗೆ ಕೈ ಹಾಕುವುದು, ಅಡಿಕೆ ಎತ್ತಿ ಬೆಳಕಿಗೆ ಹಿಡಿಯುವುದು, ಒಡೆಯುವುದು, ಬಣ್ಣ ಹೊಗಳುವುದು. ಬೇಕಾದ ಚೀಲವನ್ನು ಕಾಲಿನಿಂದ ಆಚೆ ಸರಿಸಿ, ಇದೇನು ಎಂದು ಕೊನೆಗೊಂದು ಮಾತು ಕೇಳುವುದು. ಆಮೇಲೆ ಟವೆಲ್ಲಿನ ಕೆಳಗೆ ಕೈಗೆ ಕೈ ಕೊಟ್ಟು, ಬೆರಳು ಒತ್ತಿ ದರ ಮುಗಿಸುವುದು. ಬೇಕಾದದ್ದರ ಮೇಲೆ ಕಣ್ಣಿಟ್ಟವನು ವ್ಯಾಪಾರದಲ್ಲಿ ಕೆಟ್ಟ ಎನ್ನುವುದು ನಮ್ಮ ಮನೆಯಲ್ಲಿ ಅಕ್ಷರಕ್ಕಿಂತ ಮೊದಲು ಕಲಿಸುತ್ತಿದ್ದ ಪಾಠ.

ಯಲ್ಲಾಪುರದ ಬಸ್ಸಿನಲ್ಲಿ ಅಪ್ಪ ಹೇಳಿದ್ದು ಇಷ್ಟೇ: "ನನಗ ಇದರಾಗಿಂದು ಏನೂ ತಿಳಿಯೂದಿಲ್ಲ. ಆದ್ರ ಅಲ್ಲಿ ಯಾವುದು ಬೇಕಂತ ಬಾಯಿ ಬಿಡಬ್ಯಾಡ. ನಾ ತಿಳಕೋತೀನಿ."

ನಾನು ತಲೆಯಾಡಿಸಿದೆ. ಅಪ್ಪನ ಮಗಳಲ್ಲವೇ, ಹೇಳಬೇಕೇ ಎಂಬ ಜಂಬ ಬೇರೆ.

ಪಡಸಾಲೆಯಲ್ಲಿ ಎರಡೂ ತಂಬೂರಿಗಳನ್ನು ಗೋಡೆಗೆ ಆನಿಸಿದ್ದರು. ಒಂದು ಚಿಕ್ಕದು, ನಾಲ್ಕು ತಂತಿಯದು. ಹೆಂಗಸರದು ಎಂದು ಅದನ್ನು ಕರೆಯುವ ಪದ್ಧತಿ. ಕಂಠದ ಸುತ್ತ ಬಿಳಿ ಹೂಬಳ್ಳಿಯ ಕೆತ್ತನೆ, ಮುಖ ಕಾಣುವಂಥ ಹೊಳಪು. ಇನ್ನೊಂದು ಗಂಡಸರದು, ನನ್ನ ಎತ್ತರದ್ದು, ಸಾದಾ. ಅದಕ್ಕೆ ಐದು ತಂತಿ. ಚಿಕ್ಕದರಲ್ಲಿ ಪಂಚಮ ಮತ್ತು ಷಡ್ಜ ಮಾತ್ರ. ಇದರಲ್ಲಿ ನಿಷಾದಕ್ಕೂ ಒಂದು ತಂತಿಯಿತ್ತು. ಮುದುಕರು ಅದರ ತಂತಿಯ ಅಡಿ ನಾದ ಬಿಚ್ಚಿಸುವ ನೂಲೆಳೆ ಸರಿಸಿ, ಮೀಟು ಎಂದರು. ಮೀಟಿದೆ. ಕೊನೆಯ ದಪ್ಪ ತಂತಿ ನುಡಿದಾಗ ಕೂತ ಚಾಪೆಯೇ ಅದುರಿದ ಹಾಗಾಯಿತು. ಇದು ನನ್ನದು. ಇನ್ನೊಂದನ್ನು ಮುಟ್ಟುವ ಅಗತ್ಯವೇ ಇರಲಿಲ್ಲ.

ಆದ್ದರಿಂದ ತಕ್ಷಣ ಅದನ್ನು ಕೆಳಗಿಟ್ಟೆ. ಚಿಕ್ಕದನ್ನು ತೊಡೆಗೆಳೆದುಕೊಂಡೆ. ಬಳ್ಳಿಯ ಮೇಲೆ ಬೆರಳಾಡಿಸಿದೆ, ಬುಡದ ಸೋರೆಬುರುಡೆ ಸವರಿದೆ, ಮತ್ತೆ ಮತ್ತೆ ಮೀಟಿ ಕಣ್ಣು ಮುಚ್ಚಿದೆ. ಅದರ ಶ್ರುತಿಗೆ ಗಂಟಲು ಹಿಗ್ಗಿಸಿ ಎರಡು ಸಾಲು ಹಾಡಿಯೂ ಬಿಟ್ಟೆ. ದೊಡ್ಡದನ್ನು ಹಿಮ್ಮಡಿಯಿಂದ ಅಷ್ಟು ಆಚೆ ನೂಕಿದ್ದೂ ನೆನಪಿದೆ. ಅಪ್ಪ ಚಿಕ್ಕದರ ಬಗ್ಗೆಯೇ ವಿಚಾರಿಸತೊಡಗಿದರು. ಮರ ಎಲ್ಲಿಯದು, ಬುರುಡೆ ಒಡೆಯುತ್ತದೆಯೇ, ತಂತಿ ಹರಿದರೆ ಹೇಗೆ. ಅಪ್ಪನೂ ಆಟ ಶುರು ಮಾಡಿದರು ಎಂದು ನನಗೆ ಒಳಗೊಳಗೇ ನಗು. ಅಪ್ಪ ಹೆಗಲ ಮೇಲಿನ ಟವೆಲ್ ತೆಗೆದು ಮುದುಕರ ಕೈಮೇಲೆ ಹೊದಿಸಿದಾಗಲೂ ನಾನು ಚಿಕ್ಕದನ್ನು ಬಿಡಲಿಲ್ಲ. ಟವೆಲ್ ಅಲುಗಿತು, ನಿಂತಿತು. ಮುದುಕರು ಎದ್ದು ಗವಸು ತಂದು ನನ್ನ ತೊಡೆಯ ಮೇಲಿದ್ದದ್ದಕ್ಕೇ ತೊಡಿಸಲು ಬಗ್ಗಿದರು.

ಅದಲ್ಲ ಎನ್ನಬೇಕಿತ್ತು. ಒಂದೇ ಮಾತು. ಆದರೆ ಟವೆಲ್ಲಿನ ಕೆಳಗೆ ಕೊಟ್ಟ ಕೈಯನ್ನು ಹಿಂದೆ ತೆಗೆದುಕೊಂಡವನಿಗೆ ಶಿರಸಿ ಪೇಟೆಯಲ್ಲಿ ಮತ್ತೆ ಯಾರೂ ಕೈ ಕೊಡುತ್ತಿರಲಿಲ್ಲ. ಅಪ್ಪ ಆ ನಂಬಿಕೆಯನ್ನು ಪ್ರಾಣದಂತೆ ಕಾಪಾಡಿಕೊಂಡು ಬಂದವರು. ಗವಸು ತೊಡಿಸಲು ನಾನೇ ತಂಬೂರಿ ಎತ್ತಿ ಹಿಡಿದೆ. ಸಾಹೇಬರ ಮನೆಯವರು ಕೊಟ್ಟ ಚಹಾ ಕುಡಿದು ಹೊರಬಿದ್ದೆವು.

ಬಸ್ಸಿನಲ್ಲಿ ಅಪ್ಪ ತಂಬೂರಿಯನ್ನು ಕೂಸಿನ ಹಾಗೆ ಮಡಿಲಲ್ಲಿ ಇಟ್ಟುಕೊಂಡರು. ದಾರಿ ತಿರುಗಿದಲ್ಲೆಲ್ಲ ಅದರ ಕತ್ತಿಗೆ ಕೈ ಅಡ್ಡ ಹಿಡಿಯುತ್ತಿದ್ದರು. ಈಗಲಾದರೂ ಹೇಳಿಬಿಡೋಣವೆಂದು ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅವರೇ ಮಾತು ತೆಗೆದರು.

"ವ್ಯಾಪಾರದಾಗ ನಾ ಯಾರ ಮುಖಾನೂ ನಂಬೂದಿಲ್ಲವ್ವಾ. ಇವತ್ತ ನಿನ್ನ ಮುಖ ಒಂದು ನಂಬಿದೆ. ಅದರ ಮ್ಯಾಲೆ ಎಷ್ಟು ಜೀವ ಇತ್ತು ನಿಂದು."

ಹೇಳಲಾಗಲಿಲ್ಲ. ಇಂದಿಗೂ ಹದಿನೇಳರ ಆ ಹುಡುಗಿಯ ಮೇಲೆ ನನಗೆ ಸಿಟ್ಟಿದೆ, ಆದರೆ ಅವಳ ಜಾಗದಲ್ಲಿ ಕೂತರೆ ನಾನೂ ಹೇಳುತ್ತಿರಲಿಲ್ಲವೇನೋ.

ಜ್ವರ ಬಿಟ್ಟ ಮೇಲೆ ಬಂದ ಮಾಸ್ತರರು ಗವಸು ತೆಗೆಯುತ್ತಲೇ ಸಪ್ಪಗಾದರು. "ಎಂತ ಮಾಡ್ಕ್ಯಂಡು ಬಂದೆ ಮಾರಾಯ್ತಿ? ಇದು ನಿನ್ನ ದನಿಗಲ್ಲ" ಎಂದರು, ಅದೂ ಅಪ್ಪನಿಗೆ ಕೇಳದಂತೆ. ತಂತಿಗಳನ್ನು ನನ್ನ ಶ್ರುತಿಗೆ ಇಳಿಸಿ ನೋಡಿದರು. ಜೋತು ಬಿದ್ದು ಗೊರಗೊರ ಎಂದವು. ದಪ್ಪ ತಂತಿ ತರಿಸಿ ಕಟ್ಟಿದರು. ಆ ಚಿಕ್ಕ ಬುರುಡೆಯಲ್ಲಿ ನಾದ ಹುಟ್ಟಲೇ ಇಲ್ಲ. ಹಾಗಾಗಿ ನಾನೇ ಮೇಲೆ ಹತ್ತಬೇಕಾಯಿತು. ಸಂಜೆ ವಖಾರಿ ಮುಚ್ಚಿ ಬಂದ ಅಪ್ಪ ಕೈಕಾಲು ತೊಳೆದು ಕಂಬಕ್ಕೆ ಒರಗಿ ಕೂತರೆ, ನಾನು ಎಟುಕದ ಶ್ರುತಿಗೆ ಗಂಟಲು ಚಾಚಿ ಹಾಡುತ್ತಿದ್ದೆ. ಅವರು ತಲೆದೂಗುತ್ತಿದ್ದರು. ಬೆಳಿಗ್ಗೆ ಎದ್ದರೆ ನನಗೆ ದನಿಯೇ ಇರುತ್ತಿರಲಿಲ್ಲ.

ಒಂದೂವರೆ ವರ್ಷ ನಡೆಯಿತು. ಆಮೇಲೆ ಕೆಳಗಿನ ದನಿಯೂ ಒಡೆಯತೊಡಗಿತು. ಮಾಸ್ತರರು ಬರುವುದು ವಾರಕ್ಕೊಮ್ಮೆ ಇದ್ದದ್ದು ತಿಂಗಳಿಗೊಮ್ಮೆ ಆಯಿತು. ಅವರಿಗೂ ನೋಡಲಾಗುತ್ತಿರಲಿಲ್ಲ ಎಂದು ಕಾಣುತ್ತದೆ.

ಒಂದು ಸಂಜೆ ನಾನು ಗವಸು ಬಿಚ್ಚಲಿಲ್ಲ. ಕಂಬಕ್ಕೆ ಒರಗಿದ್ದ ಅಪ್ಪ ತುಸು ಹೊತ್ತು ಕಾದು, ಯಾಕೆ ಎಂದು ಕೇಳಿದರು.

"ಮನಸ್ಸಿಲ್ಲಪ್ಪ. ಹಾಡೋದ್ರಾಗ ಮೊದಲಿನ ಆಸೆ ಉಳಿದಿಲ್ಲ" ಎಂದೆ.

ಅಪ್ಪ ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ನಾನು ಕಣ್ಣು ಕದಲಿಸಲಿಲ್ಲ.

"ಹಂಗಾದ್ರ ಬಿಡವ್ವಾ" ಎಂದರು. ಅದನ್ನೂ ನಂಬಿದರು.