ಓರೆ ನಡೆಗೆ ನಾಲ್ಕು ನಿಂಬೆಹಣ್ಣು

ಭದ್ರಾವತಿಯಲ್ಲಿ ಯಂತ್ರಗಳನ್ನು ಬಾಡಿಗೆಗೆ ಕೊಡುವ ಒಂದು ಯಾರ್ಡಿಗೆ ನಾನು ಮ್ಯಾನೇಜರ್. ಅಂದರೆ, ತಪ್ಪು ಯಾರದೇ ಆಗಿರಲಿ, ಬೈಗುಳ ಬಂದು ಇಳಿಯುವ ಅಧಿಕೃತ ವಿಳಾಸ. ಕಳೆದ ವರ್ಷ ಯಾರ್ಡಿನ ಯಜಮಾನ್ತಿಯವರು ಉಬ್ಬುತಗ್ಗಿನ ನೆಲದಲ್ಲೂ ಓಡುವ ಫೋರ್ಕ್‌ಲಿಫ್ಟ್ ಒಂದನ್ನು ತರಿಸಿದರು. ಅದರ ಮಹಿಮೆಯೇನೆಂದರೆ ನಾಲ್ಕೂ ಚಕ್ರಗಳು ಹೊರಳುತ್ತವೆ. ಒಂದು ಲಿವರಿಗೆ ಹಿಂದಿನ ಚಕ್ರಗಳು ಮುಂದಿನವಕ್ಕೆ ವಿರುದ್ಧವಾಗಿ ಹೊರಳಿ, ಯಂತ್ರ ನಿಂತಲ್ಲೇ ಎಂಬಂತೆ ಸುತ್ತುಹಾಕುತ್ತದೆ. ಇನ್ನೊಂದಕ್ಕೆ ನಾಲ್ಕೂ ಒಂದೇ ಕಡೆ ಹೊರಳಿ, ಮುಖ ತಿರುಗಿಸದೆ ಏಡಿಯಂತೆ ಓರೆಯಾಗಿ ಸರಿಯುತ್ತದೆ. ನಮ್ಮ ಆಫೀಸಿನ ಹಲವರಿಗೆ ಈ ವಿದ್ಯೆ ಲಿವರಿಲ್ಲದೆಯೇ ಬರುತ್ತಿತ್ತು.

ಡ್ರೈವರ್ ಊರಿನವನೇ, ಮನೆಮಾತು ತಮಿಳು. ಎರಡು ವರ್ಷದಿಂದ ಕೆಲಸವಿಲ್ಲದೆ ಕೂತಿದ್ದ. ಯಂತ್ರ ಓಡಿಸುವ ಮೊದಲ ದಿನದ ಪರೀಕ್ಷೆಯಲ್ಲಿ ಗೆದ್ದರೆ ನೌಕರಿ ಕಾಯಂ ಎಂದಾಗಿತ್ತು.

ಆ ದಿನ ಬೆಳಿಗ್ಗೆ ಯಂತ್ರಕ್ಕೆ ಪೂಜೆಯಾಯಿತು. ಚಕ್ರಗಳ ಮುಂದೆ ನಿಂಬೆಹಣ್ಣು ಇಡುವ ಗುರುತರ ಹೊಣೆ ನನ್ನದು. ಟೈರಿನ ಗಾತ್ರಕ್ಕೆ ಹೆದರಿ ಒಂದೊಂದನ್ನೂ ಮೊಳ ದೂರದಲ್ಲಿಟ್ಟೆ. ಡ್ರೈವರ್ ತನ್ನ ಕೈಚಳಕ ತೋರಿಸಲು ಏಡಿ ಲಿವರನ್ನೇ ಎಳೆದ. ಯಂತ್ರ ಗಂಭೀರವಾಗಿ ಓರೆಗೆ ಸರಿಯಿತು. ನಾಲ್ಕು ನಿಂಬೆಹಣ್ಣುಗಳೂ ಕೂದಲು ಕೊಂಕದೆ ಉಳಿದವು.

"ಒಂದೂ ಒಡೀಲಿಲ್ವಲ್ಲ! ಅಪಶಕುನ," ಎಂದು ಯಜಮಾನ್ತಿ ಡ್ರೈವರನತ್ತ ತಿರುಗಿದರು. "ಇನ್ನೊಂದ್ಸಲ ಇದು ಓರೆಗೆ ಹೋದ್ರೆ ನೀನು ನೆಟ್ಟಗೆ ಮನೆಗೆ ಹೋಗು ಮಾರಾಯ."

ಯಂತ್ರವನ್ನು ಕೊಂಡದ್ದೇ ಯಾವ ಗುಣಕ್ಕಾಗಿಯೋ, ಆ ಗುಣದ ಲಿವರಿಗೇ ಯಾರೂ ಎಳೆಯದಂತೆ ಅರಿಶಿನದ ದಾರ ಬಿಗಿಯಲಾಯಿತು. ಒಡೆಯದ ನಿಂಬೆಹಣ್ಣುಗಳು ಯಜಮಾನ್ತಿಯವರ ಚೀಲ ಸೇರಿದವು.

ಮಧ್ಯಾಹ್ನ ಶಿವಮೊಗ್ಗದ ರಾಗಿಗುಡ್ಡದಲ್ಲಿ ಕೆಲಸ; ಪರೀಕ್ಷೆ ನೋಡಲು ಯಜಮಾನ್ತಿಯವರೂ ಬಂದರು. ಇಳಿಜಾರು ನೆಲ, ಎಡಕ್ಕೆ ಯಾರದೋ ಹೊಸ ಕಾಂಪೌಂಡು, ಬಲಕ್ಕೆ ಪೈಪಿಗೆಂದು ತೋಡಿದ ಗುಂಡಿ. ಇಟ್ಟಿಗೆ ಹೊತ್ತ ಯಂತ್ರ ಗೋಡೆಗೆ ಗೇಣು ದೂರದಲ್ಲಿ ನಿಂತಿತು. ಬಲಕ್ಕೆ ತಿರುಗಿಸಿದರೆ ಹಿಂಭಾಗ ಗೋಡೆಗೆ ತಾಗುತ್ತದೆ; ಗೋಡೆ ಮುಂದೆ ಒಳಕ್ಕೆ ಬಾಗಿದ್ದರಿಂದ ನೇರ ಹೋದರೆ ಮೂತಿ ತಾಗುತ್ತದೆ. ಬಲಕ್ಕೆ ಓರೆಯಾಗಿ ಎರಡಡಿ ಸರಿದರೆ ಮಾತ್ರ ದಾರಿ.

ಡ್ರೈವರ್ ಎಂಜಿನ್ ಆರಿಸಿದ. "ಅಮ್ಮಾ, ದಾರ ಬಿಚ್ಲಾ, ಕೆಲ್ಸ ಬಿಡ್ಲಾ? ಯಾವ್ದಂತ ಹೇಳಿ. ಗೋಡೆ ಮಾತ್ರ ಬೀಳ್ಸಲ್ಲ."

ತಮಾಷೆಗೆ ಹೇಳಿದ್ದಲ್ಲ, ಹಣೆಯ ಬೆವರನ್ನೂ ಒರೆಸಿಕೊಳ್ಳದೆ ಕೂತಿದ್ದ. ನಾನು ಆಕಾಶ ನೋಡಿದೆ. ಮ್ಯಾನೇಜರುಗಳಿಗೆ ಅಂಥ ಹೊತ್ತಿನಲ್ಲಿ ಅಲ್ಲಿ ಬಹಳ ಕೆಲಸವಿರುತ್ತದೆ.

ಯಜಮಾನ್ತಿ ಗೋಡೆ ನೋಡಿದರು, ಗುಂಡಿ ನೋಡಿದರು, ಕೊನೆಗೆ ನನ್ನನ್ನು ನೋಡಿದರು.

"ಅಲ್ರೀ, ಗಾಡಿ ಎತ್ಲಾಗೆ ಹೋಗತ್ತೋ ಅತ್ಲಾಗೆ ತಾನೇ ಹಣ್ಣಿಡೋದು? ನೀವು ಮುಂದಿಟ್ರಿ, ಅದು ಪಕ್ಕಕ್ಕೆ ಹೋಯ್ತು. ಅವನದೇನು ತಪ್ಪು ಮಾರಾಯ್ರೆ?"

ಚೀಲದಿಂದ ನಾಲ್ಕೂ ಹಣ್ಣು ಹೊರಬಂದವು. ಡ್ರೈವರ್ ದಾರ ಬಿಚ್ಚಿ, ಚಕ್ರ ಹೊರಳಿಸಿ, ಬೆರಳು ತೋರಿಸಿದ ಕಡೆ ನಾನು ಮಂಡಿಯೂರಿ ಒಂದೊಂದನ್ನೇ ಇಟ್ಟೆ, ಈ ಸಲ ಟೈರಿಗೆ ತಾಗಿಸಿಯೇ. ಯಂತ್ರ ಓರೆಗೆ ಸರಿಯಿತು. ನಾಲ್ಕೂ ಅಪ್ಪಚ್ಚಿ. ಗೋಡೆಯ ಸುಣ್ಣವೂ ಉದುರಲಿಲ್ಲ.

"ನಾಳೆಯಿಂದ ಎಂಟಕ್ಕೆ ಬಾ," ಎಂದರು ಯಜಮಾನ್ತಿ ಡ್ರೈವರಿಗೆ. "ಇವ್ರಿಗೂ ಸ್ವಲ್ಪ ಎಡ ಬಲ ಕಲಿಸು."