ಅಮ್ಮನ ಇಳಕಲ್ ಸೀರೆ

ತೀರಿಕೊಂಡ ಅಮ್ಮನಿಗೆ ಸ್ನಾನ ಮಾಡಿಸಿ, ಅರಳಗುಪ್ಪೆಯ ನಮ್ಮ ಮನೆಯ ಹೆಂಗಸರು ಸೀರೆ ಉಡಿಸಲು ಮುಂದಾದಾಗ, ಬಾಗಲಕೋಟೆಯಿಂದ ಬಂದಿದ್ದ ಚಿಕ್ಕಮ್ಮ ತಡೆದರು. ಚೀಲದಿಂದ ಇಳಕಲ್ ಸೀರೆ ತೆಗೆದು, “ನಮ್ಮಕ್ಕಗ ನಮ್ಮ ಕಡಿ ಹಂಗ ಕಚ್ಚಿ ಹಾಕಿ ಉಡಸ್ತೀನ್ರಿ” ಎಂದು ಅಜ್ಜಿಯನ್ನು ಕೇಳಿದರು.

ಅಪ್ಪನ ತಾಯಿಯಾದ ಈ ಅಜ್ಜಿಯೇ, ಅಮ್ಮ ಮದುವೆಯಾಗಿ ಬಂದ ವಾರದಲ್ಲಿ, ಊರವರು ನಗುತ್ತಾರೆಂದು ಅವಳು ಕಚ್ಚೆ ಸೀರೆ ಉಡುವುದನ್ನು ಬಿಡಿಸಿದ್ದರು.

ಅಜ್ಜಿ, “ಉಡ್ಸವ್ವ. ಬದುಕಿದ್ದಾಗಲೇ ಉಟ್ಕೊ ಅನ್ಬೇಕಿತ್ತು ಕಣವ್ವ ನಾನು” ಎಂದು ಗೋಡೆಗೆ ಒರಗಿ ಅತ್ತರು.

ಆ ಉಡುಗೆಯಲ್ಲಿ ಅಮ್ಮನನ್ನು ನಾನು ನೋಡಿದ್ದು ಅಂದೇ ಮೊದಲು. ಇಪ್ಪತ್ತೆಂಟು ವರ್ಷ ಅವಳು ತನ್ನೂರಿನ ಮಾತನ್ನೂ ನಮ್ಮೆದುರು ಆಡಿರಲಿಲ್ಲ. ಆಡಮ್ಮ ಎಂದು ನಾನೂ ಕೇಳಿರಲಿಲ್ಲ.